ಮಾತ್ರೆ ತಂದ ಸಕ್ಕರೆಯೋ, ಮನೆತನದ ಸಕ್ಕರೆಯೋ?

ಕಡಲೆಕಾಯಿ ಬಿಡಿಸುವ ಕಾಲ ಬಂತೆಂದರೆ ನಮ್ಮ ಬಡವನಹಳ್ಳಿ ಸುತ್ತಮುತ್ತ ದೂಳು. ದೂಳಿನ ಹಿಂದೆಯೇ ಉಬ್ಬಸ. ಅಂಥದೊಂದು ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪಾಠ ಮುಗಿದ ಮೇಲೆ ಬಂದು ನಿಂತಳು.

"ಸಾರ್, ಮಾತ್ರೆಯಿಂದ ಸಕ್ಕರೆ ಕಾಯಿಲೆ ಬರುತ್ತಾ? ಅಪ್ಪ ಉಬ್ಬಸಕ್ಕೆ ಸ್ಟೀರಾಯ್ಡ್ ಮಾತ್ರೆ ತಗೊಳ್ತಿದ್ರು. ಈಗ ಊಟ ಆದ್ಮೇಲೆ ಶುಗರ್ 310 ಅಂತೆ. ಮಾತ್ರೆನೆಲ್ಲ ತಿಪ್ಪೆಗೆ ಎಸೀತೀನಿ ಅಂತಿದ್ದಾರೆ."

"ಮನೇಲಿ ಬೇರೆ ಯಾರಿಗಾದರೂ ಸಕ್ಕರೆ ಕಾಯಿಲೆ ಇತ್ತೇನಮ್ಮ?"

"ಅಜ್ಜಿಗಿತ್ತು ಸಾರ್. ಆದರೆ ಅಜ್ಜಿ ಈ ಮಾತ್ರೆ ತಿಂದೇ ಇಲ್ಲ."

ಊಟವಾದ ಎರಡು ಗಂಟೆಗೆ 140ರೊಳಗಿರಬೇಕಾದ ಸಕ್ಕರೆ 310ಕ್ಕೆ ಏರಿದ್ದೇಕೆ? ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸವನ್ನು ದಿನವೂ ತಯಾರಿಸುತ್ತವೆ. ಸ್ಟೀರಾಯ್ಡ್ ಮಾತ್ರೆ ಅದರಂತೆಯೇ, ಆದರೆ ಹೆಚ್ಚು ಜೋರಾಗಿ ಕೆಲಸ ಮಾಡುತ್ತದೆ. ಯಕೃತ್ತು ರಕ್ತಕ್ಕೆ ಹೆಚ್ಚು ಸಕ್ಕರೆ ಬಿಡುತ್ತದೆ. ಸ್ನಾಯುಗಳು ಇನ್ಸುಲಿನ್ನಿನ ಮಾತು ಕೇಳುವುದಿಲ್ಲ. ಮೇದೋಜೀರಕ ಗ್ರಂಥಿಗೆ ತ್ರಾಣವಿದ್ದರೆ ಇನ್ನಷ್ಟು ಇನ್ಸುಲಿನ್ ಸುರಿಸಿ ಸರಿದೂಗಿಸುತ್ತದೆ. ಕೆಲವರಿಗೆ ಆ ತ್ರಾಣ ಹುಟ್ಟಿನಿಂದಲೇ ಕಡಿಮೆ.

ಎರಡು ಜೊತೆ ಎತ್ತುಗಳನ್ನು ನೆನೆದುಕೊಳ್ಳಿ. ಸಮತಟ್ಟು ದಾರಿಯಲ್ಲಿ ಎರಡೂ ಒಂದೇ. ಏರು ಬಂದಾಗಲೇ ಯಾವುದಕ್ಕೆ ಕಸುವು ಕಡಿಮೆ ಎಂದು ತಿಳಿಯುವುದು. ಸ್ಟೀರಾಯ್ಡ್ ಅಂಥ ಏರು.

ಇದನ್ನು 1954ರಷ್ಟು ಹಿಂದೆಯೇ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸ್ಟೀಫನ್ ಫಾಜನ್ಸ್ ಮತ್ತು ಜೆರೋಮ್ ಕಾನ್ ತೋರಿಸಿದರು. ಸಾಧಾರಣ ಪರೀಕ್ಷೆಯಲ್ಲಿ ಯಾವ ದೋಷವೂ ಕಾಣದವರಿಗೆ ಕಾರ್ಟಿಸೋನ್ ಕೊಟ್ಟು ಮತ್ತೆ ಪರೀಕ್ಷಿಸಿದರು. ಮಧುಮೇಹಿಗಳ ಹತ್ತಿರದ ಬಂಧುಗಳಲ್ಲಿ ಸುಮಾರು ನಾಲ್ಕರಲ್ಲೊಬ್ಬರಿಗೆ ಸಕ್ಕರೆ ಮಿತಿ ಮೀರಿತು. ಉಳಿದವರಲ್ಲಿ ಹಾಗಾದದ್ದು ತೀರ ಅಪರೂಪ. ಇನ್ಸುಲಿನ್ ಸ್ರವಿಸುವಿಕೆಯ ಮೇಲೆ ಪ್ರಭಾವ ಬೀರುವ ಟಿಸಿಎಫ್7ಎಲ್2 ಎಂಬ ವಂಶವಾಹಿಗೂ ಮಧುಮೇಹಕ್ಕೂ ಇರುವ ನಂಟು 2006ರಲ್ಲಿ ಬೆಳಕಿಗೆ ಬಂತು. ಇಂಥ ವಂಶವಾಹಿಗಳು ಹಲವಾರು. ಯಾವುದೊಂದೂ ಹಣೆಬರಹವಲ್ಲ. ಹಾಗೆಯೇ, ಮನೆತನದಲ್ಲಿ ಯಾರಿಗೂ ಇಲ್ಲದವರಿಗೂ ಹೆಚ್ಚಿನ ಪ್ರಮಾಣದ ಸ್ಟೀರಾಯ್ಡಿನಿಂದ ಸಕ್ಕರೆ ಏರಬಹುದು.

ಹಾಗಾದರೆ ಮಾತ್ರೆಯನ್ನು ತಿಪ್ಪೆಗೆಸೆಯಬಹುದೇ? ಖಂಡಿತ ಕೂಡದು. ಕೆಲವು ವಾರ ಸ್ಟೀರಾಯ್ಡ್ ತೆಗೆದುಕೊಂಡರೆ ಅಡ್ರಿನಲ್ ಗ್ರಂಥಿಗಳು ತಮ್ಮ ಕೆಲಸ ಮರೆತಿರುತ್ತವೆ. ತಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ವೈದ್ಯರೇ ಹಂತಹಂತವಾಗಿ ಇಳಿಸಬೇಕು. ಇನ್ನೊಂದು ಮಾತು: ಬೆಳಿಗ್ಗೆ ನುಂಗಿದ ಮಾತ್ರೆಯ ಪರಿಣಾಮ ಮಧ್ಯಾಹ್ನ, ಸಂಜೆ ಹೆಚ್ಚು. ಬರಿಹೊಟ್ಟೆಯ ಪರೀಕ್ಷೆ ಸರಿಯಿದೆಯೆಂದು ನೆಮ್ಮದಿಯಾಗಿರಬೇಡಿ. ಮಧ್ಯಾಹ್ನದ ಊಟದ ನಂತರವೂ ನೋಡಿಸಿ.

ಇಷ್ಟೆಲ್ಲ ಹೇಳುವ ಈ ಮೇಷ್ಟ್ರೇ ಎಡವಿದ್ದುಂಟು. 2021ರಲ್ಲಿ ಕೋವಿಡ್ ಬಂದು ಆಮ್ಲಜನಕ ಇಳಿದಾಗ ನನಗೆ ಡೆಕ್ಸಾಮೆಥಾಸೋನ್ ಕೊಟ್ಟರು. ಅಂಥ ರೋಗಿಗಳ ಜೀವ ಉಳಿಸುತ್ತದೆಂದು 2020ರಲ್ಲಿ ಬ್ರಿಟನ್ನಿನ ಪ್ರಯೋಗ ಸಾಬೀತುಪಡಿಸಿದ್ದ ಔಷಧ ಅದು. "ಮನೆಯಲ್ಲಿ ಶುಗರ್ ಇದೆಯೇ?" ಎಂದು ಕೇಳಿದರೆ "ನನಗಿಲ್ಲ" ಎಂದುಬಿಟ್ಟೆ. ತಾಯಿಗೆ ಇದ್ದದ್ದು ಆ ಗಾಬರಿಯಲ್ಲಿ ಬಾಯಿಗೆ ಬರಲಿಲ್ಲ. ಮೂರನೇ ದಿನಕ್ಕೆ ಇನ್ಸುಲಿನ್ ಚುಚ್ಚಬೇಕಾಯಿತು. ಆಮೇಲೆ ಸಕ್ಕರೆ ಇಳಿಯಿತು. ಆದರೂ ವರ್ಷಕ್ಕೊಮ್ಮೆ ಪರೀಕ್ಷೆ ತಪ್ಪಿಸುವುದಿಲ್ಲ.

ಹುಡುಗಿಯ ತಂದೆ ಮಾತ್ರೆ ಎಸೆಯಲಿಲ್ಲ. ಮಗಳ ಜೊತೆ ವೈದ್ಯರ ಬಳಿಗೆ ಹೋದರು. ಉಬ್ಬಸ ಹತೋಟಿಯಲ್ಲಿದೆ, ಸಕ್ಕರೆಗೂ ಔಷಧ ನಡೆಯುತ್ತಿದೆ.

ಮಕ್ಕಳೇ, ಈ ವಾರದ ಮನೆಗೆಲಸ ಇದು: ಅಪ್ಪ ಅಮ್ಮನನ್ನು ಕೂರಿಸಿಕೊಂಡು ಅಜ್ಜ, ಅಜ್ಜಿ, ಸೋದರಮಾವ, ದೊಡ್ಡಪ್ಪ, ಚಿಕ್ಕಮ್ಮ ಎಲ್ಲರ ವಂಶವೃಕ್ಷ ಬರೆಯಿರಿ. ಸಕ್ಕರೆ ಕಾಯಿಲೆ ಇದ್ದವರ ಹೆಸರಿಗೆ ಕೆಂಪು ಗುರುತು ಹಾಕಿ. ಆ ಹಾಳೆಯನ್ನು ರೇಷನ್ ಕಾರ್ಡಿನ ಜೊತೆಯಲ್ಲಿಟ್ಟು, ಆಸ್ಪತ್ರೆಗೆ ಹೋಗುವಾಗ ತಪ್ಪದೆ ತೆಗೆದುಕೊಂಡು ಹೋಗಿ.