ತಾಳ ಬದಲಾಯಿತು, ಗೋಕರ್ಣದ ಲೆಕ್ಕ ತಪ್ಪಿತು

ಮಾಜಾಳಿ ಚೆಕ್‌ಪೋಸ್ಟ್ ದಾಟಿ ಗೋವೆಯೊಳಗೆ ಕಾಲಿಟ್ಟರೆ ಕಾಣಕೋಣ ತಾಲೂಕು. ಅಲ್ಲಿಯ ಪಾಲೋಲೆಂ ಕಡಲ ತೀರದಲ್ಲಿ 2000ದ ದಶಕದ ಕೊನೆಗೆ ಒಂದು ವಿಚಿತ್ರ ಕುಣಿತ ಶುರುವಾಯಿತು. ರಾತ್ರಿ ಹತ್ತರ ಮೇಲೆ ನೂರಾರು ಜನ ಮೈಮರೆತು ಕುಣಿಯುತ್ತಾರೆ, ಆದರೆ ಹೊರಗೆ ನಿಂತವನಿಗೆ ಕೇಳುವುದು ಬರೀ ಕಡಲಿನ ಸದ್ದು! ಪ್ರತಿಯೊಬ್ಬರ ಕಿವಿಗೂ ಹೆಡ್‌ಫೋನು. ಇಂಥ ಕುಣಿತಗಳಲ್ಲಿ ಎರಡು ಮೂರು ಡಿಜೆಗಳು ಏಕಕಾಲಕ್ಕೆ ಬೇರೆ ಬೇರೆ ಸಂಗೀತ ಬಿಡುತ್ತಾರೆ. ಯಾರಿಗೆ ಯಾವುದು ಬೇಕೋ ಆ ಗುಂಡಿ ಒತ್ತಿಕೊಂಡರಾಯ್ತು, ಅದಕ್ಕೆ ತಕ್ಕ ಬಣ್ಣದ ದೀಪ ಕಿವಿಯ ಮೇಲೆ ಹೊತ್ತಿಕೊಳ್ಳುತ್ತದೆ. ಕೆಂಪು ಎಷ್ಟು, ನೀಲಿ ಎಷ್ಟು, ಹಸಿರು ಎಷ್ಟು ಅಂತ ಎಣಿಸಿದರೆ ಆ ರಾತ್ರಿಯ ಮತ ಎಣಿಕೆ ಮುಗಿದಂತೆ. ಅರ್ಧ ತಾಸಿನಲ್ಲಿ ಕೆಂಪೆಲ್ಲ ನೀಲಿಯಾಗುವುದೂ ಉಂಟು. ಪಕ್ಷಾಂತರ ನಿಷೇಧ ಕಾಯ್ದೆ ಇವರಿಗೆ ಲಾಗೂ ಆಗುವುದಿಲ್ಲ!

ಕುಣಿಯುವವರ ರುಚಿ ಬದಲಾದರೆ ನಮಗೇನು ಮಾರಾಯ್ರೆ, ಅಂತ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಗೋಕರ್ಣದ ಕುಡ್ಲೆ, ಓಂ ಬೀಚುಗಳಲ್ಲಿ ರೂಮು ಬಾಡಿಗೆಗೆ ಕೊಟ್ಟು, ಚಾ ಮಾರಿ, ದೋಣಿ ಓಡಿಸಿ ಬದುಕುವ ಮನೆಗಳಿಗೆ ಇದು ಹೊಟ್ಟೆಯ ಪ್ರಶ್ನೆ. ಯಾವ ತಾಳಕ್ಕೆ ಕುಣಿಯುವ ಜನ ಬರುತ್ತಾರೆ ಎಂಬುದರ ಮೇಲೆ ಅವರು ಎಷ್ಟು ದಿನ ಉಳಿಯುತ್ತಾರೆ, ಎಲ್ಲಿ ಉಣ್ಣುತ್ತಾರೆ, ಯಾರ ಕೈಗೆ ದುಡ್ಡು ಕೊಡುತ್ತಾರೆ ಎಂಬುದೆಲ್ಲ ನಿಂತಿದೆ. ನಲವತ್ತು ವರ್ಷದಲ್ಲಿ ಗೋವೆಯ ತಾಳ ಮೂರು ಸಲ ಬದಲಾಗಿದೆ. ಪ್ರತಿ ಸಲವೂ ಅದರ ಪೆಟ್ಟು ಗಡಿಯ ಈಚೆಗೂ ಬಿದ್ದಿದೆ.

ಕ್ಯಾಸೆಟ್ಟಿನ ಕಾಲ

ಗೋವೆ 1961ರಲ್ಲಿ ಪೋರ್ಚುಗೀಸರ ಕೈಯಿಂದ ಬಿಡುಗಡೆಯಾಯಿತು. ಆ ದಶಕದ ಕೊನೆಗೆ ಹಿಪ್ಪಿಗಳು ಅಂಜುನಾ ತೀರ ಹಿಡಿದರು. ಮೊದಮೊದಲು ಹುಣ್ಣಿಮೆ ರಾತ್ರಿಯ ಕುಣಿತಕ್ಕೆ ರಾಕ್, ರೆಗ್ಗೆ ಸಂಗೀತ. 1980ರ ದಶಕದ ಮೊದಲರ್ಧದಲ್ಲಿ ಯುರೋಪಿನಿಂದ ಯಂತ್ರದ ಸಂಗೀತ ಬಂತು. ಲೋರಾಂ ಎಂಬ ಫ್ರೆಂಚ್ ಡಿಜೆ ಕ್ಯಾಸೆಟ್ಟುಗಳನ್ನೇ ಕತ್ತರಿಸಿ ಜೋಡಿಸಿ, ಹಾಡಿನ ಮಾತು ತೆಗೆದುಹಾಕಿ, ಬರೀ ತಾಳ ಉಳಿಸಿಕೊಂಡು ರಾತ್ರಿಯಿಡೀ ಓಡಿಸಿದ. ಕ್ಯಾಲಿಫೋರ್ನಿಯಾದಿಂದ ಬಂದು ಇಲ್ಲೇ ನೆಲೆಸಿ, ಕೊರಳಿಗೆ ರುದ್ರಾಕ್ಷಿ ಹಾಕಿಕೊಂಡ ಗೋವಾ ಗಿಲ್ ಆ ಪರಂಪರೆಯನ್ನು ದಶಕಗಳ ಕಾಲ ನಡೆಸಿ 2023ರಲ್ಲಿ ತೀರಿಕೊಂಡ. ಗ್ರಾಮಫೋನ್ ತಟ್ಟೆ ನಮ್ಮ ಬಿಸಿಲಿಗೆ ಬಾಗಿಹೋಗುತ್ತದೆ, ಅದಕ್ಕೇ ಇಲ್ಲಿಯ ಡಿಜೆಗಳು ಟೇಪನ್ನೇ ನಂಬಿದರು. ಸೆಕೆಯೂ ಸಂಗೀತ ಬದಲಿಸುತ್ತದೆ ನೋಡಿ!

ಹೀಗೆ ಹುಟ್ಟಿದ್ದು ಗೋವಾ ಟ್ರಾನ್ಸ್. ನಿಮಿಷಕ್ಕೆ ಸುಮಾರು 140ರಿಂದ 150 ಪೆಟ್ಟು, ಮಾತಿಲ್ಲ, ನಿಲ್ಲುವುದಿಲ್ಲ, ಬೆಳಗಿನ ಜಾವಕ್ಕೆ ರಾಗ ತಿಳಿಯಾಗುತ್ತದೆ. ಬಯಲಾಟ ನೋಡಿ ಬೆಳೆದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ರಾತ್ರಿ ಒಂಬತ್ತರ ಚೆಂಡೆ ಬೇರೆ, ಬೆಳಗಿನ ಐದರ ಚೆಂಡೆ ಬೇರೆ. ರಾತ್ರಿಯನ್ನು ಹಂತ ಹಂತವಾಗಿ ಏರಿಸಿ ಇಳಿಸುವ ಕಸುಬು ಎರಡರಲ್ಲೂ ಒಂದೇ. 1994ರಲ್ಲಿ ಪೌಲ್ ಓಕನ್‌ಫೋಲ್ಡ್ ಎಂಬ ಇಂಗ್ಲಿಷ್ ಡಿಜೆ 'ಗೋವಾ ಮಿಕ್ಸ್' ಎಂಬ ಕಾರ್ಯಕ್ರಮವನ್ನು ಬಿಬಿಸಿ ರೇಡಿಯೋದಲ್ಲಿ ಬಿತ್ತರಿಸಿದ ಮೇಲೆ ಅಂಜುನಾದ ಹೆಸರು ಲಂಡನ್ನಿನ ಕ್ಲಬ್ಬುಗಳಿಗೂ ಹೊಕ್ಕಿತು. ಆದರೆ ಕ್ಲಬ್ಬಿನವರ ಪ್ರೀತಿ ಎಷ್ಟು ದಿನ? 1990ರ ದಶಕ ಮುಗಿಯುವುದರೊಳಗೆ ಇಂಗ್ಲೆಂಡಿನ ಹುಡುಗರು ಬೇರೆ ಸದ್ದಿಗೆ ಹೊರಳಿದರು.

ಬಿಡದೆ ಹಿಡಿದುಕೊಂಡವರು ಇಸ್ರೇಲಿನ ಹುಡುಗರು. ಕಡ್ಡಾಯ ಸೈನಿಕ ಸೇವೆ ಮುಗಿಸಿ ತಿಂಗಳುಗಟ್ಟಲೆ ಭಾರತ ಸುತ್ತುವುದು ಅವರಲ್ಲಿ ರೂಢಿ. ಗೋವಾ ಟ್ರಾನ್ಸ್ ಮತ್ತಷ್ಟು ಬಿರುಸಾಗಿ 'ಸೈಟ್ರಾನ್ಸ್' ಆಯಿತು. ಆಸ್ಟ್ರಲ್ ಪ್ರೊಜೆಕ್ಷನ್, ಇನ್ಫೆಕ್ಟೆಡ್ ಮಶ್ರೂಮ್ ಮುಂತಾದ ಇಸ್ರೇಲಿ ತಂಡಗಳೇ ಅದರ ದೊಡ್ಡ ಹೆಸರುಗಳಾದವು. ಅಂಜುನಾ ದುಬಾರಿಯಾಯಿತು, ಪೊಲೀಸರ ಕಾಟ ಹೆಚ್ಚಾಯಿತು ಎನ್ನುವವರು ತೆಂಕಣಕ್ಕೆ ಸರಿದರು. ಗೋಕರ್ಣಕ್ಕೆ ಬಂದರು, ಹಂಪಿಯ ಹೊಳೆ ದಾಟಿ ವಿರೂಪಾಪುರ ಗಡ್ಡೆಗೂ ಹೋದರು. ಹೀಬ್ರೂ ಅಕ್ಷರದ ಹೋಟೆಲ್ ಬೋರ್ಡು ಕೊಪ್ಪಳ ಜಿಲ್ಲೆಯಲ್ಲಿ ಎದ್ದದ್ದು ಹೀಗೆ.

ಈ ಜನ ಜಿಪುಣರು, ನಿಜ. ಒಂದು ಚಾ ಹಿಡಿದು ಮೂರು ತಾಸು ಕೂರುವವರು. ಆದರೆ ಬಂದರೆ ತಿಂಗಳು ಉಳಿಯುತ್ತಿದ್ದರು. ಮಡ್ಲು ಹೊದಿಸಿದ ಗುಡಿಸಲು ಸಾಕು, ಎಸಿ ಬೇಡ. ಸಂಗೀತಕ್ಕೆ ಟಿಕೆಟ್ ಇಲ್ಲ, ಹಾಗಾಗಿ ಇದ್ದಬದ್ದ ದುಡ್ಡೆಲ್ಲ ಊಟ ವಸತಿಗೇ. ದುಡ್ಡು ಸಣ್ಣದು, ಸೇರುತ್ತಿದ್ದದ್ದು ಸಣ್ಣವರ ಕೈಗೆ. ಇದರ ಜೊತೆಗೇ ಮಾದಕ ಪದಾರ್ಥದ ನೆರಳೂ ಬಂತು ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 2008ರಲ್ಲಿ ಅಂಜುನಾ ತೀರದಲ್ಲಿ ಹದಿನೈದು ವರ್ಷದ ಬ್ರಿಟಿಷ್ ಹುಡುಗಿಯ ಹೆಣ ಸಿಕ್ಕಾಗ ಆ ನೆರಳು ಎಷ್ಟು ಕಪ್ಪು ಎಂಬುದು ಜಗತ್ತಿಗೇ ಗೊತ್ತಾಯಿತು.

ಟಿಕೆಟ್ಟಿನ ಕಾಲ

2007ರ ಡಿಸೆಂಬರಿನಲ್ಲಿ ಕಾಂದೋಲಿಂ ತೀರದಲ್ಲಿ 'ಸನ್‌ಬರ್ನ್' ಎಂಬ ಜಾತ್ರೆ ಶುರುವಾಯಿತು. ಬೆಂಗಳೂರಿನಲ್ಲಿ ಬೆಳೆದು ಟಿವಿಯಲ್ಲಿ ಹೆಸರು ಮಾಡಿದ ನಿಖಿಲ್ ಚಿಣ್ಣಪ್ಪ ಅದರ ಮುಂಚೂಣಿಯಲ್ಲಿದ್ದವರು. ದೊಡ್ಡ ವೇದಿಕೆ, ಕಂಪನಿಗಳ ಜಾಹೀರಾತು, ಬೇಲಿ, ಕೈಗೆ ಪಟ್ಟಿ, ಟಿಕೆಟ್ಟು. ಸಂಗೀತವೂ ಬೇರೆ. ಇಡಿಎಂ ಎಂದು ಕರೆಯುವ ಈ ಬಗೆಯಲ್ಲಿ ಹಾಡಿನ ಮಾತು ಉಂಟು, ಎಲ್ಲರೂ ಒಟ್ಟಿಗೆ ಕೂಗುವ ಜಾಗ ಉಂಟು. ಸದ್ದು ಏರಿ ಏರಿ ಒಮ್ಮೆಗೇ ನಿಂತು ಧಡ್ ಅಂತ ಬೀಳುವ 'ಡ್ರಾಪ್' ಅದರ ಮುಖ್ಯ ಆಕರ್ಷಣೆ. ನಿಮಿಷಕ್ಕೆ 128 ಪೆಟ್ಟಿನ ಆಸುಪಾಸು. ಸ್ವೀಡನ್ನಿನ ಅವೀಚಿ, ಹಾಲೆಂಡಿನ ಮಾರ್ಟಿನ್ ಗ್ಯಾರಿಕ್ಸ್ ಹೆಸರು ನಮ್ಮ ಕಾಲೇಜು ಹುಡುಗರ ಬಾಯಿಗೂ ಬಂತು. ಟ್ರಾನ್ಸ್ ಕುಣಿತದಲ್ಲಿ ಡಿಜೆ ಎಲ್ಲಿದ್ದಾನೆಂದು ಹುಡುಕಬೇಕಿತ್ತು. ಇಲ್ಲಿ ಜನ ಕುಣಿಯುವುದೇ ಡಿಜೆಯ ಕಡೆ ಮುಖ ಮಾಡಿ!

ಹಳಬರು ಮೂಗು ಮುರಿದರು. ಇದು ಮಕ್ಕಳಾಟಿಕೆ ಅಂದರು. ಹೊಸಬರು, ನಿಮ್ಮದು ಮುದುಕರ ಭಜನೆ ಅಂದರು. ಬಡಗುತಿಟ್ಟಿನವರು, ತೆಂಕುತಿಟ್ಟಿನವರು ಚಾದಂಗಡಿಯಲ್ಲಿ ಕಿತ್ತಾಡಿದ ಹಾಗೆಯೇ. ಆದರೆ ಲೆಕ್ಕದ ಪುಸ್ತಕ ಬೇರೆ ಕತೆ ಹೇಳುತ್ತದೆ. ಈ ಜನ ಬರುವುದು ಬೆಂಗಳೂರು, ಮುಂಬೈ, ದಿಲ್ಲಿಯಿಂದ. ಉಳಿಯುವುದು ಮೂರು ದಿನ. ದುಡ್ಡಿನ ಬಹುಪಾಲು ಟಿಕೆಟ್ಟಿಗೆ, ವಿಮಾನಕ್ಕೆ, ದೊಡ್ಡ ಹೋಟೆಲಿಗೆ. ಜಾತ್ರೆಯೂ ಒಂದೇ ಕಡೆ ನಿಲ್ಲುವುದಿಲ್ಲ. 2016ರಲ್ಲಿ ಸನ್‌ಬರ್ನ್ ಗೋವೆ ಬಿಟ್ಟು ಪುಣೆಗೆ ಹೋಯಿತು, ಮತ್ತೆ ಗೋವೆಗೆ ಬಂತು. ಕಂಪನಿಗೆ ಎಲ್ಲಿ ಅನುಕೂಲವೋ ಅಲ್ಲಿ ಡೇರೆ. ಗುಡಿಸಲು ಕಟ್ಟಿಕೊಂಡು ಕಾದವರಿಗೆ ಕಾಯುವುದೇ ಗತಿ.

ಹತ್ತು ಗಂಟೆಯ ಕಾನೂನು

ಇದೆಲ್ಲ ಬರೀ ರುಚಿಯ ಆಟವಲ್ಲ, ಕಾನೂನಿನ ಕೈಯೂ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. 2005ರಲ್ಲಿ ಸುಪ್ರೀಂ ಕೋರ್ಟು ಅದನ್ನು ಗಟ್ಟಿಮಾಡಿತು. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಕ್ಕೆಂದು ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ನಡುರಾತ್ರಿವರೆಗೆ ಸಡಿಲಿಕೆ ಕೊಡಬಹುದು, ಅಷ್ಟೇ.

ಬೆಳಗಿನವರೆಗೆ ಹಂತಹಂತವಾಗಿ ಏರಬೇಕಾದ ಟ್ರಾನ್ಸಿಗೆ ಹತ್ತು ಗಂಟೆಗೇ ಕತ್ತರಿ ಬಿದ್ದರೆ ಉಳಿಯುವುದೇನು? ಹಾಗಾಗಿ ಕೆಲವರು ಹಗಲಿಗೆ ಸರಿದರು, ಪಾಲೋಲೆಂನವರು ಹೆಡ್‌ಫೋನು ಹಾಕಿಕೊಂಡರು. ನಮ್ಮವರು ನಗಬೇಕಿಲ್ಲ. ಇದೇ ನಿಯಮದಿಂದಾಗಿ 2022ರಲ್ಲಿ ದಕ್ಷಿಣ ಕನ್ನಡದ ಕಟೀಲು ಮೇಳಗಳ ಇಡೀ ರಾತ್ರಿಯ ಆಟ ಕಾಲಮಿತಿಗೆ ಇಳಿಯಿತು, ವಿಷಯ ಹೈಕೋರ್ಟಿನವರೆಗೂ ಹೋಯಿತು. ಅಂಜುನಾದ ಡಿಜೆ, ಕರಾವಳಿಯ ಭಾಗವತ ಇಬ್ಬರೂ ಒಂದೇ ಗಡಿಯಾರ ನೋಡಿಕೊಂಡು ಕೂರುವ ಕಾಲ ಬಂತು.

ಆ ನಿಯಮದಲ್ಲೇ ಒಂದು ಬಾಗಿಲು ತೆರೆದಿದೆ. ಮುಚ್ಚಿದ ಸಭಾಂಗಣದೊಳಗೆ, ಸದ್ದು ಒಳಗೇ ಇದ್ದರೆ, ರಾತ್ರಿಯ ನಿಷೇಧ ಇಲ್ಲ. ಅಲ್ಲಿಂದ ಶುರುವಾಯಿತು ಮೂರನೇ ತಾಳ.

ಗೋಡೆಯೊಳಗಿನ ತಾಳ

ಕಳೆದ ಹತ್ತು ವರ್ಷದಲ್ಲಿ ಮೇಲೆ ಬಂದದ್ದು ಟೆಕ್ನೋ ಮತ್ತು ಹೌಸ್. ಎರಡೂ ಹೊಸತಲ್ಲ. ಹೌಸ್ ಹುಟ್ಟಿದ್ದು ಅಮೆರಿಕದ ಷಿಕಾಗೋದಲ್ಲಿ, 'ವೇರ್‌ಹೌಸ್' ಎಂಬ ಕ್ಲಬ್ಬಿನಿಂದ ಆ ಹೆಸರು. ಟೆಕ್ನೋ ಹುಟ್ಟಿದ್ದು ಮೋಟಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟ್‌ನಲ್ಲಿ. ಎರಡನ್ನೂ ಕಟ್ಟಿದವರು ಅಲ್ಲಿಯ ಕಪ್ಪು ಜನ. ಟೆಕ್ನೋಗೆ ಸಾಕಿದ ತಾಯಿ ಬರ್ಲಿನ್. 2024ರಲ್ಲಿ ಜರ್ಮನಿ ಬರ್ಲಿನ್ನಿನ ಟೆಕ್ನೋವನ್ನು ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೇ ಸೇರಿಸಿತು. ಈ ಸಂಗೀತಕ್ಕೆ ಗೋಡೆ ಒಗ್ಗುತ್ತದೆ. ಕತ್ತಲೆ ಕೋಣೆ, ತಗ್ಗು ಛಾವಣಿ, ಎದೆಗೆ ಬಡಿಯುವ ತಳದ ಸದ್ದು. ಬಯಲಿಗೆ ಬೀಗ ಬಿದ್ದ ಗೋವೆಗೂ, ಪಬ್ಬಿಗೆ ಒಗ್ಗಿಕೊಂಡ ಬೆಂಗಳೂರಿಗೂ ಇದು ಹೇಳಿ ಮಾಡಿಸಿದ ಹಾಗಿತ್ತು.

2020ರಲ್ಲಿ ಕೊರೋನಾ ಬಂದು ವಿದೇಶಿಯರಿಗೆ ವೀಸಾ ನಿಂತಿತು. ಅದೇ ವರ್ಷ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು, ಮಾರ್ಚಿನಲ್ಲಿ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಜೆಸಿಬಿ ನೆಲಸಮ ಮಾಡಿತ್ತು. ಹಂಪಿಯ ಸ್ಮಾರಕ ಪ್ರದೇಶ ಉಳಿಯಬೇಕಾದ್ದು ಸರಿಯೇ. ಆದರೆ ಸೈಟ್ರಾನ್ಸಿನ ಜನರನ್ನು ನಂಬಿ ಅಲ್ಲಿ ಬದುಕು ಕಟ್ಟಿಕೊಂಡವರ ಪಾಲಿಗೆ ತಾಳವೂ ಹೋಯ್ತು, ಮಾಡೂ ಹೋಯ್ತು.

ಈಗಿನ ಟೆಕ್ನೋ ಗಿರಾಕಿ ಒಂದೆರಡು ರಾತ್ರಿಗೆ ಬರುವವನು. ಶುಕ್ರವಾರ ಸಂಜೆ ಬೆಂಗಳೂರು, ಹುಬ್ಬಳ್ಳಿಯಿಂದ ಕಾರು ಹತ್ತಿದರೆ ಸೋಮವಾರ ಆಫೀಸಿನಲ್ಲಿರುತ್ತಾನೆ. ಖರ್ಚು ದೊಡ್ಡದು, ಆದರೆ ಕ್ಲಬ್ಬಿನ ಕೌಂಟರಿಗೆ. ಅವನಿಗೆ ಬೇಕಾದದ್ದು ಎಸಿ ರೂಮು, ಕಾರು ನಿಲ್ಲಿಸಲು ಜಾಗ. ಮಡ್ಲಿನ ಗುಡಿಸಲಿನ ಅಜ್ಜಿಯ ಕಡೆ ಅವನು ತಿರುಗಿಯೂ ನೋಡುವುದಿಲ್ಲ.

ಗೋಡೆಯೊಳಗೆ ಹೋದ ಸದ್ದಿನ ಜೊತೆ ಅಪಾಯವೂ ಒಳಗೆ ಹೋಯಿತು. 2025ರ ಡಿಸೆಂಬರ್ 6ರ ನಡುರಾತ್ರಿ ಗೋವೆಯ ಆರ್ಪೋರಾದ ಒಂದು ನೈಟ್‌ಕ್ಲಬ್ಬಿಗೆ ಬೆಂಕಿ ಬಿದ್ದು 25 ಮಂದಿ ಸತ್ತರು. ಹೆಚ್ಚಿನವರು ಕುಣಿಯಲು ಬಂದವರಲ್ಲ, ಹೊಟ್ಟೆಪಾಡಿಗೆ ಕೆಲಸಕ್ಕಿದ್ದವರು. ಹುಣ್ಣಿಮೆಯ ಬಯಲಿನಲ್ಲಿ ಬೆಂಕಿ ಕಂಡರೆ ಓಡಲು ಇಡೀ ಕಡಲ ತೀರ ಇತ್ತು. ಕೋಣೆಯಲ್ಲಿ ಇರುವುದು ಬಾಗಿಲು ಮಾತ್ರ. ನಮ್ಮ ಕರಾವಳಿಯಿಂದ ಗೋವೆಯ ಹೋಟೆಲು, ಬಾರುಗಳಿಗೆ ದುಡಿಯಲು ಹೋದ ಹುಡುಗರ ತಾಯಂದಿರು ಆ ರಾತ್ರಿ ಹೇಗೆ ಕಳೆದಿರಬೇಕು?

ನಮ್ಮ ಎಣಿಕೆ

ಟೆಕ್ನೋವೇ ಶಾಶ್ವತ ಅಂತ ಯಾರೂ ಭಾವಿಸಬೇಕಿಲ್ಲ. ಯುರೋಪಿನಲ್ಲಿ ಈಚಿನ ವರ್ಷಗಳಲ್ಲಿ ಟೆಕ್ನೋದ ವೇಗ ಏರಿ ಏರಿ 150 ಪೆಟ್ಟು ಮುಟ್ಟಿದೆ, ಅಂದರೆ ಹಳೇ ಟ್ರಾನ್ಸಿನ ಮನೆ ಬಾಗಿಲಿಗೇ ಬಂದು ನಿಂತಿದೆ. ಟ್ರಾನ್ಸಿನ ಹಳೆಯ ರಾಗಗಳೂ ಹೊಸ ಹುಡುಗರ ಪೆಟ್ಟಿಗೆಗೆ ಮರಳಿವೆ. ಇನ್ನೊಂದು ಕಡೆ, ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ನಿಧಾನವಾಗಿ ಕುಣಿಸುವ, ನಿಮಿಷಕ್ಕೆ 120 ಪೆಟ್ಟಿನ ಆಫ್ರೋ ಹೌಸ್‌ಗೂ ಗಿರಾಕಿ ಹೆಚ್ಚಿದ್ದಾರೆ. ವಾಗಾತೋರಿನ ಸೈಟ್ರಾನ್ಸ್ ಭಕ್ತರಂತೂ ಪಟ್ಟು ಬಿಟ್ಟವರಲ್ಲ. ಚಕ್ರ ತಿರುಗುತ್ತಲೇ ಇರುತ್ತದೆ.

ಹಾಗಾದರೆ ಮಾಡುವುದೇನು? ಮೊದಲನೆಯದು, ಒಂದು ತಾಳವನ್ನು ನಂಬಿ ಸಾಲ ಮಾಡಿ ರೂಮು ಕಟ್ಟುವ ಹುಚ್ಚು ಬಿಡಬೇಕು. ಹಿಪ್ಪಿ ಬರಲಿ, ಐಟಿಯವನು ಬರಲಿ, ಊಟಕ್ಕೆ, ದೋಣಿಗೆ, ನಡೆದಾಡುವ ದಾರಿಗೆ ಬರುವ ಗಿರಾಕಿ ತಪ್ಪುವುದಿಲ್ಲ. ಎರಡನೆಯದು ಜಿಲ್ಲಾಡಳಿತಕ್ಕೆ ಸೇರಿದ್ದು. ಗೋವೆಯಿಂದ ಸರಿದ ಕುಣಿತ ನಾಳೆ ನಮ್ಮ ತೀರಕ್ಕೆ ಬಂದಾಗ ಪರವಾನಿಗೆ ಕೇಳಿದವನ ಹತ್ತಿರ ಎರಡೇ ಪ್ರಶ್ನೆ ಕೇಳಲಿ. ಸದ್ದು ಎಷ್ಟು? ಓಡಿಹೋಗಲು ಬಾಗಿಲು ಎಷ್ಟು? ಜನವಸತಿಯ ಕಡೆ ರಾತ್ರಿಯ ಮಿತಿ 45 ಡೆಸಿಬೆಲ್ ಎಂದು ನಿಯಮದಲ್ಲೇ ಬರೆದಿದೆ. ಅಳೆಯುವ ಮೀಟರು ಠಾಣೆಯ ಕಪಾಟಿನಲ್ಲಿ ಇದ್ದರೆ ಸಾಲದು, ಅದು ಹೊರಗೆ ಬರಬೇಕು. ಮೂರನೆಯದು, ಅಳತೆ ಎಲ್ಲರಿಗೂ ಒಂದೇ ಇರಲಿ. ಬಯಲಾಟದವನ ಮೈಕು ಹತ್ತಕ್ಕೆ ಬಂದ್, ರೆಸಾರ್ಟಿನವನ ಪೆಟ್ಟಿಗೆ ಎರಡಕ್ಕೆ ಬಂದ್ ಅಂತಾದರೆ ಜನ ಸುಮ್ಮನಿರುವುದಿಲ್ಲ.

ಪಾಲೋಲೆಂ ಬಂಡೆಯ ಮೇಲೆ ಬಣ್ಣ ಬದಲಿಸಲು ಒಂದು ಗುಂಡಿ ಸಾಕು. ಕುಡ್ಲೆಯ ಮನೆಯವನಿಗೆ ಅಂಥ ಗುಂಡಿ ಇಲ್ಲ. ಬಾಡಿಗೆ ಬರಲಿ ಬಿಡಲಿ, ಬ್ಯಾಂಕಿನ ಕಂತಿನ ತಾಳ ಮಾತ್ರ ಬದಲಾಗುವುದಿಲ್ಲ.