ರದ್ದಿಗೆ ಹಾಕಬೇಡಿ

ಹೋದ ದೀಪಾವಳಿಗೆ ಮಿಯಾಪುರದ ಚಿಕ್ಕಪ್ಪನ ಮನೇಲಿ ಅಟ್ಟ ಗುಡಿಸಿದೆವು. ಎರಡೂ ಅಂಚಿಗೆ ತೂತಿದ್ದ ಉದ್ದನೆಯ ಕಾಗದದ ಕಟ್ಟೊಂದು ರದ್ದಿಗೆ ಹೋಯಿತು. ಚಿಕ್ಕಪ್ಪ ಕೆಲಸಕ್ಕೆ ಸೇರಿದ ಹೊಸದರಲ್ಲಿ ಟಿಡಿಸಿ-316ಕ್ಕೆ ಬರೆದ ಪ್ರೋಗ್ರಾಮು. ಇದೇ ಹೈದರಾಬಾದಿನ ಇ.ಸಿ.ಐ.ಎಲ್. ತಯಾರಿಸಿದ 16 ಬಿಟ್‌ನ ಕಂಪ್ಯೂಟರು ಅದು. "ಆ ಮಿಷನ್ನೇ ಇಲ್ಲ, ಇದ್ಯಾಕೋ?" ಅಂದರು. ನಾನೂ ಹೂಂ ಅಂದೆ. ತಪ್ಪು ಮಾಡಿದೆ ಗೆಳೆಯರೆ.

ಯಂತ್ರ ಹೋದರೂ ಅದರ ಚಹರೆ ಪ್ರೋಗ್ರಾಮಿನಲ್ಲಿ ಉಳಿದಿರುತ್ತೆ. ಅಮೆರಿಕದ ಬೆಲ್ ಲ್ಯಾಬ್ಸ್‌ನವರು ಪಿಡಿಪಿ-11ಕ್ಕೆ ಬರೆದ ಯೂನಿಕ್ಸ್‌ನ ಮೊದಲ ರೂಪ ಉಳಿದದ್ದು 1972ರ ಜೂನ್ ತಿಂಗಳ ಒಂದು ಅಚ್ಚುಪ್ರತಿಯಲ್ಲಿ. ಬಳಕೆದಾರನ ಜಾಗ 40000ಕ್ಕೆ ಶುರು, ಅಲ್ಲಿಂದ 20000ಕ್ಕೆ ಮುಗೀತು ಅಂತ ಅದರಲ್ಲಿದೆ. ಇವು ಎಂಟರ ಎಣಿಕೆಯ ಅಂಕಿ. ನಮ್ಮ ಎಣಿಕೆಯಲ್ಲಿ 16384 ಮತ್ತು 8192. ಕೂಡಿದರೆ 24576 ಬೈಟು. ಯಂತ್ರದ ಮೆಮೊರಿ ಇಷ್ಟೇ! ಡಿಸ್ಕು, ಟೇಪುಗಳ ಸುಳಿವೂ ಹೀಗೇ ಸಿಗುತ್ತೆ. 2008ರಲ್ಲಿ ಆಸಕ್ತರು ಆ ಪ್ರತಿಯಿಂದಲೇ ಅದನ್ನು ಇವತ್ತಿನ ಕಂಪ್ಯೂಟರಿನೊಳಗೆ ಮತ್ತೆ ಓಡಿಸಿದರು. ಒಂದು ಎಚ್ಚರ ಮಾತ್ರ ಬೇಕು: ಪ್ರೋಗ್ರಾಮು ಮುಟ್ಟದ ಸಾಧನ ಅದರಲ್ಲಿ ಕಾಣೋಲ್ಲ.

ಕನ್ನಡ ಸಂಘಕ್ಕೆ ಇದ್ಯಾಕೆ ಅಂತೀರಾ? ಶಾಸನದಲ್ಲಿ ದತ್ತಿಯ ಗಡಿ ಓದಿ, ಮೂಡಲಿಗೆ ಕೆರೆ ಇತ್ತು, ತೆಂಕಲಿಗೆ ತೋಟ ಇತ್ತು ಅಂತ ಹೇಳೋ ವಿದ್ಯೆಯೇ ಇದು. ಕಲ್ಲಿಗೆ ಕೊಡುವ ಮರ್ಯಾದೆಯಲ್ಲಿ ಅರ್ಧವನ್ನಾದರೂ ಆ ಕಾಗದಕ್ಕೆ ಕೊಡಬಾರದೆ? ಕಲ್ಲಾದರೂ ಮಳೆಗೆ ತಡೆಯುತ್ತೆ.

1969ರ ಟಿಡಿಸಿ-12ರಿಂದ ಹಿಡಿದು ಈ ಯಂತ್ರಗಳ ಮೇಲೆ ದುಡಿದವರು ಈಗ ಅಜ್ಜಂದಿರಾಗಿದ್ದಾರೆ. ನಿಮ್ಮ ಮನೆಯ ಅಟ್ಟದಲ್ಲಿ ಅಂಥ ಕಟ್ಟು ಕಂಡರೆ ತನ್ನಿ. ಸಂಘದ ಬೀರುವಿನಲ್ಲಿ ಕೆಳಗಿನ ಅರೆ ಖಾಲಿ ಇದೆ.