ಹರಿಯದೆ ಉಳಿದ ಚೀಟಿ

ಹೋದ ತಿಂಗಳು ಎರ್ನಾಕುಲಂ ಹತ್ತಿರದ ಒಂದು ಹೈಸ್ಕೂಲಿಗೆ ಹೋಗಿದ್ದೆ. ಬ್ಯಾಂಕಿನ ಕಡೆಯಿಂದ ಆರ್ಥಿಕ ಸಾಕ್ಷರತೆ ಕಾರ್ಯಕ್ರಮ. ಪಿನ್ ನಂಬರ್ ಯಾರಿಗೂ ಹೇಳಬೇಡಿ, ಒಟಿಪಿ ಕೊಡಬೇಡಿ, ಉಳಿತಾಯ ಮಾಡಿ... ಹೇಳಿ ಹೇಳಿ ನನಗೇ ಬಾಯಿಪಾಠವಾಗಿದೆ. ಮುಗಿಸಿ ಏಳುವಾಗ 9ನೇ ತರಗತಿಯ ಟೀಚರ್, "ಸಾರ್, ಮುಂದಿನ ಪೀರಿಯಡ್‌ನಲ್ಲಿ ಮೌಲ್ಯಗಳ ಬಗ್ಗೆ ಒಂದು ಚಟುವಟಿಕೆ ಇದೆ, ನೀವೇ ನಡೆಸಿಕೊಡಿ" ಅಂದರು. ಕೇರಳಕ್ಕೆ ಬಂದು ಇಪ್ಪತ್ತೈದು ವರ್ಷ ದಾಟಿದರೂ ನನ್ನ ಮಲಯಾಳಂನಲ್ಲಿ ಪುತ್ತೂರು ಇನ್ನೂ ಇಣುಕುತ್ತದೆ. ಆದರೂ ಒಪ್ಪಿಕೊಂಡೆ.

ಚಟುವಟಿಕೆ ಬಹಳ ಸರಳ. ಪ್ರತಿಯೊಬ್ಬರಿಗೂ ಹತ್ತು ಚೀಟಿ. ಸತ್ಯ, ಕುಟುಂಬ, ಹಣ, ಸ್ನೇಹ, ದೇವರು, ಆರೋಗ್ಯ, ಸ್ವಾತಂತ್ರ್ಯ, ವಿದ್ಯೆ, ಗೌರವ, ನ್ಯಾಯ ಅಂತ ಬರೆದುಕೊಳ್ಳಬೇಕು. ಆಮೇಲೆ ಒಂದೊಂದಾಗಿ ಹರಿಯುತ್ತಾ ಹೋಗಬೇಕು. ಕೊನೆಗೆ ಉಳಿಯುವುದು ಒಂದೇ ಒಂದು. ಮೊದಲ ನಾಲ್ಕು ಚೀಟಿ ನಗುನಗುತ್ತಾ ಹರಿದರು. ಆಮೇಲೆ ತರಗತಿ ತಣ್ಣಗಾಯಿತು. ಕೊನೆಗೆ ನಾನು ಒಬ್ಬೊಬ್ಬರನ್ನೇ ಕೇಳುತ್ತಾ ಬಂದೆ. ಕುಟುಂಬ, ಕುಟುಂಬ, ಸತ್ಯ, ದೇವರು, ಕುಟುಂಬ...

ಮೂರನೇ ಬೆಂಚಿನ ಹುಡುಗಿ ಎದ್ದು ನಿಂತು "ಹಣ" ಅಂದಳು. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ನಾನು ಬ್ಯಾಂಕಿನವನಲ್ಲವೇ, ಉಪದೇಶ ನಾಲಿಗೆಯ ತುದಿಯಲ್ಲೇ ಇತ್ತು. "ಮೋಳೇ, ಹಣದಿಂದ ಎಲ್ಲವೂ ಸಿಗೋದಿಲ್ಲ ಅಲ್ವಾ?" ಅಂದೆ. ಅವಳು ತಲೆ ತಗ್ಗಿಸಿ ಹೇಳಿದಳು: "ಮನೆಗೆ ಜಪ್ತಿ ನೋಟೀಸು ಬಂದಿದೆ ಸಾರ್. ಆವತ್ತಿಂದ ಅಪ್ಪ ಅಮ್ಮಂಗೆ ದಿನಾ ಜಗಳ. ಹಣ ಇದ್ರೆ ಜಗಳ ನಿಲ್ಲುತ್ತೆ."

ಯಾವ ಬ್ಯಾಂಕು ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ಅಂಥ ನೋಟೀಸುಗಳಿಗೆ ರುಜು ಹಾಕುವವರಲ್ಲಿ ನಾನೂ ಒಬ್ಬ.

ಎರಡು ತಪ್ಪು ಮಾಡಿದೆ ಅಂತ ಆಮೇಲೆ ಹೊಳೆಯಿತು. ಒಂದು, ಎಲ್ಲರೆದುರು ಉತ್ತರ ಹೇಳಿಸಿದ್ದು. ಎರಡು, ಸರಿಯುತ್ತರ ನನ್ನ ಜೇಬಿನಲ್ಲೇ ಇದೆ ಅಂತ ಅಂದುಕೊಂಡಿದ್ದು. ಅವಳ ಉತ್ತರದಲ್ಲಿ ದುರಾಸೆಯೇನೂ ಇರಲಿಲ್ಲ. ಅವಳ 'ಹಣ'ದ ಚೀಟಿಯೊಳಗೆ ಕುಟುಂಬದ ಚೀಟಿಯೂ ಮಡಿಸಿಕೊಂಡಿತ್ತು. ಯಾವುದು ಉಳಿಯಿತು ಅಂತ ಕೇಳಿದರೆ ಸಾಲದು, ಯಾಕೆ ಉಳಿಯಿತು ಅಂತಲೂ ಕೇಳಬೇಕು. ಅದನ್ನೂ ಒಬ್ಬಳನ್ನೇ ಕೂರಿಸಿಕೊಂಡು, ಹೇಳುವ ಮನಸ್ಸಿದ್ದರೆ ಮಾತ್ರ.

ಈ ಬಗೆಯ ಚಟುವಟಿಕೆ ಹೊಸತೇನಲ್ಲ. ಅಮೆರಿಕದ ಲೂಯಿ ರಾತ್ಸ್, ಮೆರಿಲ್ ಹಾರ್ಮಿನ್, ಸಿಡ್ನಿ ಸೈಮನ್ 1966ರಲ್ಲೇ ಈ ದಾರಿಯ ಬಗ್ಗೆ ಪುಸ್ತಕ ಬರೆದರು. ಅವರ ವಾದ ಸ್ಥೂಲವಾಗಿ ಇಷ್ಟು. ಬೇರೆ ದಾರಿಗಳನ್ನೂ ಅವುಗಳ ಪರಿಣಾಮವನ್ನೂ ನೋಡಿ ಸ್ವತಂತ್ರವಾಗಿ ಆರಿಸಿಕೊಂಡಿರಬೇಕು, ಆರಿಸಿದ್ದನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಲು ಅಳುಕಿರಬಾರದು, ಮತ್ತೆ ಮತ್ತೆ ಹಾಗೆಯೇ ನಡೆದುಕೊಳ್ಳಬೇಕು. ಆಗ ಮಾತ್ರ ಅದು ನನ್ನ ಮೌಲ್ಯ. ಅದೇ ಪದ್ಧತಿಯಲ್ಲಿ ಇನ್ನೊಂದು ನಿಯಮವೂ ಉಂಟು: ಉತ್ತರ ಹೇಳಲು ಇಷ್ಟವಿಲ್ಲದ ಮಗು "ನಾನು ಹೇಳಲ್ಲ" ಅನ್ನಬಹುದು. ನಾನು ಮರೆತದ್ದು ಅದನ್ನೇ.

ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಹೇಳಿ! "ಸುಳ್ಳು ಹೇಳಬಾರದು" ಅಂತ ನೂರು ಸಲ ಇಂಪೊಸಿಷನ್ ಬರೆಸುತ್ತಿದ್ದರು. ಎರಡು ಪೆನ್ನು ಜೋಡಿಸಿ ಒಟ್ಟಿಗೆ ಎರಡೆರಡು ಸಾಲು ಬರೆದು ಮೇಷ್ಟ್ರಿಗೇ ಮೋಸ ಮಾಡುತ್ತಿದ್ದೆವು...

ಆದರೆ ಪೋಷಕರ ಭಯವೂ ಸುಳ್ಳಲ್ಲ. ಮಕ್ಕಳೇ ಆರಿಸಿಕೊಳ್ಳಲಿ ಅಂದರೆ ನಾಳೆ ಕದಿಯುವುದನ್ನೂ ಆರಿಸಿಕೊಂಡರೆ? ಕೇರಳದಲ್ಲಿ ಈ ಭಯ ಬೀದಿಗೂ ಬಂದಿದೆ. 2008ರಲ್ಲಿ ಏಳನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕದಲ್ಲಿ ಜೀವನ್ ಎಂಬ ಹುಡುಗನ ಪಾಠವಿತ್ತು. ಅವನನ್ನು ಶಾಲೆಗೆ ಸೇರಿಸುವಾಗ ಅಪ್ಪ ಅಮ್ಮ ಧರ್ಮ, ಜಾತಿ ಬರೆಸುವುದಿಲ್ಲ. ದೊಡ್ಡವನಾದ ಮೇಲೆ ಅವನೇ ಆರಿಸಿಕೊಳ್ಳಲಿ ಅನ್ನುತ್ತಾರೆ. ಅಷ್ಟಕ್ಕೇ ರಾಜ್ಯವಿಡೀ ಗಲಾಟೆ. ಆ ಗಲಾಟೆಯಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಒಬ್ಬ ಮುಖ್ಯೋಪಾಧ್ಯಾಯರು ಪ್ರಾಣ ಕಳೆದುಕೊಂಡರು. ಕೊನೆಗೆ ಪಾಠವನ್ನು ತಿದ್ದಿದರು. ಮಕ್ಕಳಿಗೆ ಮೌಲ್ಯ ಕಲಿಸುವ ಬಗ್ಗೆ ದೊಡ್ಡವರು ಜಗಳಾಡಿ, ಮೇಷ್ಟ್ರ ಜೀವವನ್ನೇ ತೆಗೆದರಲ್ಲ, ಆ ವರ್ಷ ಮಕ್ಕಳು ನಿಜವಾಗಿ ಕಲಿತ ಪಾಠ ಯಾವುದು?

ನನ್ನ ಅಭಿಪ್ರಾಯ ಕೇಳಿದರೆ, ಇಲ್ಲಿ ಎರಡೂ ಬೇಕು. ಕದಿಯಬಾರದು, ಇನ್ನೊಬ್ಬರನ್ನು ಹೀಯಾಳಿಸಬಾರದು, ಇವು ಚೀಟಿ ಹರಿದು ತೀರ್ಮಾನಿಸುವ ವಿಷಯಗಳಲ್ಲ. ಅದನ್ನು ಶಾಲೆ ಬಾಯಿಬಿಟ್ಟೇ ಹೇಳಬೇಕು. ಆದರೆ ಸ್ನೇಹಿತ ಕಾಪಿ ಹೊಡೆದಾಗ ಸತ್ಯ ದೊಡ್ಡದೋ ಸ್ನೇಹ ದೊಡ್ಡದೋ? ಅಪ್ಪನ ಆಸೆ ಒಂದು, ನನ್ನ ಇಷ್ಟ ಇನ್ನೊಂದು ಆದಾಗ? ಇದನ್ನು ಮಗುವೇ ತೂಗಿ ನೋಡಬೇಕು. ತೂಗುವುದನ್ನು ಹದಿನಾಲ್ಕರಲ್ಲಿ ಕಲಿಯದವನು ನಲವತ್ತರಲ್ಲಿ ಲೋನ್ ಫೈಲಿನ ಮುಂದೆ ಕೂತು ತಡವರಿಸುತ್ತಾನೆ. ಇದು ಅನುಭವದ ಮಾತು.

ಮಾತು ಮುಗಿದ ಮೇಲೆ ಪರೀಕ್ಷೆಯೂ ಬೇಕು. ಕೇರಳದಲ್ಲಿ 2010ರಿಂದ ಹೈಸ್ಕೂಲು ಮಕ್ಕಳಿಗಾಗಿ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆ ಇದೆ. ಕೆಲವು ಶಾಲೆಗಳಲ್ಲಿ ಈ ಮಕ್ಕಳು 'ಹಾನೆಸ್ಟಿ ಶಾಪ್' ನಡೆಸುತ್ತಾರೆ. ಪೆನ್ನು, ಪುಸ್ತಕ, ಪಕ್ಕದಲ್ಲಿ ಒಂದು ಹಣದ ಡಬ್ಬಿ. ಅಂಗಡಿಯವರು ಯಾರೂ ಇಲ್ಲ. ಬೇಕಾದ್ದು ತೆಗೆದುಕೊಂಡು ಹಣ ಹಾಕಿ ಹೋಗುವುದು. ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಮ್ಮ ಕ್ಯಾಷ್ ಕೌಂಟರಿನಲ್ಲಾದರೆ ಕ್ಯಾಷಿಯರ್ ಕೈಯಿಂದ ಕಟ್ಟಬೇಕು. ಶಾಲೆಯಲ್ಲಿ ಹಾಗೆ ಮಾಡಬೇಡಿ. ಕ್ಯಾಮೆರಾ ಹಾಕಲೂಬೇಡಿ, ಕಳ್ಳನನ್ನು ಹುಡುಕಲೂಬೇಡಿ. "ಇವತ್ತು ಹನ್ನೆರಡು ರೂಪಾಯಿ ಕಮ್ಮಿ" ಅಂತ ಬೋರ್ಡಿನ ಮೇಲೆ ಬರೆದು ಸುಮ್ಮನಿದ್ದುಬಿಡಿ. ಆ ಹನ್ನೆರಡು ರೂಪಾಯಿಯ ಪಾಠವನ್ನು ಯಾವ ನೀತಿಬೋಧೆಯೂ ಕಲಿಸಲಾರದು. ಇನ್ನು ಇಂಥದ್ದಕ್ಕೆ ಮಾರ್ಕ್ಸ್ ಕೊಡಲೇಬಾರದು. ಮಾರ್ಕ್ಸ್ ಬಂತೋ, ಮಕ್ಕಳು ಟೀಚರ್ ಮೆಚ್ಚುವ ಚೀಟಿಯನ್ನೇ ಉಳಿಸಿಕೊಳ್ಳುತ್ತಾರೆ.

ಹಾಂ, ಟೀಚರ್ ಕೂಡ ಚೀಟಿ ಹರಿಯಬೇಕು. ನಾನು ಆವತ್ತು ಹರಿಯಲಿಲ್ಲ. ಮನೆ ಕೊಚ್ಚಿಯಲ್ಲಿ, ಕೆಲಸ ಈಗ ತಿರುವನಂತಪುರದಲ್ಲಿ. ಸೋಮವಾರ ಬೆಳಗಿನ ವಂಚಿನಾಡ್ ಎಕ್ಸ್‌ಪ್ರೆಸ್‌ನಲ್ಲಿ ಕೂತು ಹಳೇ ಟಿಕೆಟ್ಟಿನ ಹಿಂದೆ ಹತ್ತೂ ಪದ ಬರೆದು ಹೊಡೆದುಹಾಕುತ್ತಾ ಹೋದೆ. ಎರಡನೆಯದಾಗಿ ಹೊಡೆದದ್ದು 'ಹಣ'. ಕೊಲ್ಲಂ ದಾಟುವಾಗ ಹೊಳೆಯಿತು, ತಿಂಗಳ ಕೊನೆಗೆ ತಪ್ಪದೆ ಸಂಬಳ ಬರುವವನಿಗೆ ಆ ಪದ ಹೊಡೆಯುವುದು ಎಷ್ಟು ಸುಲಭ ಅಂತ!

ಆ ದಿನ ಮೇಜಿನ ಮೇಲೆ ಏಳು ನೋಟೀಸು ರುಜುವಿಗೆ ಕಾದಿದ್ದವು. ಕಾನೂನು ಕಾನೂನೇ, ರುಜು ಹಾಕದೆ ಇರಲು ಬರುವುದಿಲ್ಲ. ಆದರೆ ಅದಕ್ಕೆ ಮೊದಲು ಏಳು ಮನೆಗೂ ಫೋನ್ ಮಾಡಿದೆ. ಇಬ್ಬರು ಬಂದು ಕಂತಿನ ಬಗ್ಗೆ ಮಾತಾಡಿ ಹೋದರು. ಉಳಿದ ಐದಕ್ಕೆ ರುಜು ಹಾಕಿದೆ.

ನಿಮ್ಮ ಮಕ್ಕಳ ಶಾಲೆಯಲ್ಲಿ ಇಂಥದ್ದೇನಾದರೂ ನಡೆಯುತ್ತದೆಯೇ? ನಡೆಯದಿದ್ದರೆ ಭಾನುವಾರ ಊಟವಾದ ಮೇಲೆ ಮನೆಯಲ್ಲೇ ಹತ್ತು ಚೀಟಿ ಬರೆದು ನೋಡಿ. ಮೊದಲು ನೀವು ಹರಿಯಿರಿ, ಮಕ್ಕಳು ನೋಡಲಿ.